ಮಂಜುಗಡ್ಡೆಯ ಮೇಲೆ ಲಾರಿ: ಹಿಡಿತದ ಹುಡುಕಾಟದ ಚರಿತ್ರೆ

ಒಂದು ಸರಳ ಪ್ರಶ್ನೆಯಿಂದ ಆರಂಭಿಸೋಣ. ಮಂಜುಗಡ್ಡೆ ಕಟ್ಟಿದ ಸಮತಟ್ಟಾದ ರಸ್ತೆಯಲ್ಲಿ ಎರಡು ಲಾರಿಗಳು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿವೆ. ಒಂದರಲ್ಲಿ ಪೂರ್ತಿ ಹೊರೆ ಇದೆ, ಇನ್ನೊಂದು ಖಾಲಿ. ಎರಡರಲ್ಲೂ ಎಲ್ಲ ಚಕ್ರಗಳಿಗೆ ಒಮ್ಮೆಲೇ ಬ್ರೇಕು ಬಿದ್ದರೆ ಯಾವುದು ಮೊದಲು ನಿಲ್ಲುತ್ತದೆ?

ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿ ನೋಡಿ. ಭಾರ ಹೆಚ್ಚಿದ್ದರೆ ಹಿಡಿತವೂ ಹೆಚ್ಚು ಎಂದು ಕೆಲವರು ಹೇಳುತ್ತಾರೆ. ಭಾರ ಹೆಚ್ಚಿದ್ದರೆ ನಿಲ್ಲಿಸುವುದು ಕಷ್ಟ ಎಂದು ಉಳಿದವರು ವಾದಿಸುತ್ತಾರೆ. ಎರಡು ಮಾತೂ ನಿಜ. ಆದ್ದರಿಂದಲೇ ಅವು ಒಂದನ್ನೊಂದು ರದ್ದುಮಾಡುತ್ತವೆ. ಘರ್ಷಣಾ ಬಲವು ಭಾರಕ್ಕೆ ಅನುಪಾತದಲ್ಲಿದೆ, ಜಡತ್ವವೂ ಹಾಗೆಯೇ. ನಿಲ್ಲಲು ಬೇಕಾಗುವ ದೂರವು ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದಾಗ ಬರುವ ಬೆಲೆ. ಇದರಲ್ಲಿ ರಾಶಿಯ ಸುಳಿವೇ ಇಲ್ಲ. ಒಣಗಿದ ರಸ್ತೆಯಲ್ಲಿ ಘರ್ಷಣಾಂಕ ಸುಮಾರು 0.7, ಲಾರಿ 7 ಮೀಟರ್‌ಗಳಲ್ಲಿ ನಿಲ್ಲಬಲ್ಲದು. ಮಂಜುಗಡ್ಡೆಯ ಮೇಲೆ ಅದು 0.1ಕ್ಕೆ ಇಳಿದರೆ 51 ಮೀಟರ್ ಬೇಕು. ಮೇಲೆ ನೀರಿನ ಪಸೆ ಇದ್ದು 0.05 ಆದರೆ 102 ಮೀಟರ್! ಲಾರಿ ಅದೇ, ಚಾಲಕನೂ ಅವನೇ, ಬ್ರೇಕೂ ಅದೇ. ಬದಲಾದದ್ದು ರಬ್ಬರು ಮತ್ತು ರಸ್ತೆ ಸಂಧಿಸುವ ಅಂಗೈಯಗಲದ ಜಾಗ ಮಾತ್ರ. ಆ ಜಾಗದಲ್ಲಿ ಏನು ನಡೆಯುತ್ತದೆ ಎಂದು ತಿಳಿಯುವ ಯತ್ನದ ಕಥೆಯೇ ಚಳಿಗಾಲದ ಟೈರಿನ ಚರಿತ್ರೆ.

ಸರಪಳಿಯಿಂದ ಅಚ್ಚಿನವರೆಗೆ

ಟೈರಿನ ಸುತ್ತ ಸರಪಳಿ ಬಿಗಿಯುವ ಉಪಾಯಕ್ಕೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ 1904ರಲ್ಲಿ ಪೇಟೆಂಟ್ ಪಡೆದ. ಕೆಸರಿನಲ್ಲಿ ಸಿಕ್ಕಿದ ಗಾಡಿಯ ಚಕ್ರಕ್ಕೆ ಹಗ್ಗ ಸುತ್ತುವ ಹಳೆಯ ಪದ್ಧತಿಯ ಮುಂದುವರಿಕೆ ಇದು. ಲಡಾಖ್, ಕಾಶ್ಮೀರಗಳ ಎತ್ತರದ ರಸ್ತೆಗಳಲ್ಲಿ ಚಳಿಗಾಲದಲ್ಲಿ ಇಂದಿಗೂ ಲಾರಿಗಳು ಸರಪಳಿ ಕಟ್ಟಿಕೊಂಡೇ ಸಾಗುತ್ತವೆ. ಆದರೆ ಹಿಮವಿಲ್ಲದ ರಸ್ತೆ ಬಂದೊಡನೆ ಸರಪಳಿಯನ್ನು ಬಿಚ್ಚಬೇಕು, ಹಿಮ ಬಂದಾಗ ಚಳಿಯಲ್ಲಿ ನಿಂತು ಮತ್ತೆ ಕಟ್ಟಬೇಕು. ವೇಗವಾಗಿ ಓಡಿಸುವಂತಿಲ್ಲ.

ಇದಕ್ಕೆ ಪರ್ಯಾಯ ಬಂದದ್ದು ಫಿನ್ಲೆಂಡಿನಿಂದ. ಈಗ ನೋಕಿಯನ್ ಎಂಬ ಹೆಸರಿರುವ ಟೈರು ಕಂಪನಿಯ ಪೂರ್ವಜ ಸಂಸ್ಥೆಯು 1934ರಲ್ಲಿ 'ಕೆಲಿರೆಂಗಸ್' ಎಂಬ ಟೈರನ್ನು ಹೊರತಂದಿತು. ಚಳಿಗಾಲಕ್ಕೆಂದೇ ರೂಪಿಸಿದ ಮೊದಲ ಟೈರು ಇದೆಂದು ಪರಿಗಣಿಸಲಾಗಿದೆ. ನೀವು ಗಮನಿಸಬೇಕಾದ ಸಂಗತಿಯೆಂದರೆ, ಇದನ್ನು ಮಾಡಿದ್ದು ಕಾರಿಗಾಗಿ ಅಲ್ಲ, ಲಾರಿಗಾಗಿ. ಕಾರಿನ ಟೈರು ಬಂದದ್ದು ಎರಡು ವರ್ಷಗಳ ನಂತರ, 1936ರಲ್ಲಿ.

ಲಾರಿಗೇ ಮೊದಲು ಏಕೆ? ಆಗ ಅಲ್ಲಿನ ರಸ್ತೆಗಳಲ್ಲಿ ಬಿದ್ದ ಹಿಮವನ್ನು ಇಂದಿನಂತೆ ತೆಗೆಯುತ್ತಿರಲಿಲ್ಲ. ಲಾರಿಯ ಎಂಜಿನ್ನು ತಿರುಗಿಸುವುದು ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು ಮಾತ್ರ. ಒಟ್ಟು 10 ಟನ್ ಭಾರದಲ್ಲಿ 6 ಟನ್ ಆ ಚಕ್ರಗಳ ಮೇಲಿದೆ ಎನ್ನಿ. ಘರ್ಷಣಾಂಕ 0.1 ಆಗಿದ್ದರೆ ಲಾರಿಯನ್ನು ಮುಂದೂಡುವ ಬಲ ಅದರ ಒಟ್ಟು ತೂಕದ ಶೇಕಡಾ 6 ಮಾತ್ರ. ಅಂದರೆ ಸುಮಾರು 17 ಮೀಟರಿಗೆ ಒಂದು ಮೀಟರ್ ಏರುವ ದಿಬ್ಬವೇ ಅದರ ಮಿತಿ. ಖಾಲಿ ಲಾರಿಯಲ್ಲಿ ಹಿಂದಿನ ಚಕ್ರಗಳ ಪಾಲು ಇನ್ನೂ ಕಡಿಮೆ. ನಿಲ್ಲುವಾಗ ಲೆಕ್ಕಕ್ಕೆ ಬಾರದ ಹೊರೆ, ಹತ್ತುವಾಗ ಲೆಕ್ಕಕ್ಕೆ ಬರುತ್ತದೆ!

ಹೊಸ ಟೈರಿನ ಅಚ್ಚಿನಲ್ಲಿ ಅಡ್ಡಡ್ಡಲಾಗಿ ದಪ್ಪ ಗಟ್ಟಿಗಳಿದ್ದವು. ಅವು ಮೃದುವಾದ ಹಿಮದೊಳಗೆ ಹೊಕ್ಕು, ಅದನ್ನು ಅದುಮಿ ಗಟ್ಟಿಮಾಡಿ, ಅದಕ್ಕೇ ಒದ್ದು ಮುಂದೆ ಸಾಗುತ್ತಿದ್ದವು. ಆದರೆ ಹಿಮ ಬೇರೆ, ಮಂಜುಗಡ್ಡೆ ಬೇರೆ. ಗಾಜಿನಂತೆ ಹೆಪ್ಪುಗಟ್ಟಿದ ಮಂಜುಗಡ್ಡೆಯೊಳಗೆ ರಬ್ಬರು ಹೊಕ್ಕಲಾರದು. ಅಲ್ಲಿ ಭೌತವಿಜ್ಞಾನದ ಬೇರೆಯದೇ ಪ್ರಶ್ನೆ ಎದುರಾಗುತ್ತದೆ.

ಮಂಜುಗಡ್ಡೆ ಜಾರುವುದೇಕೆ?

ಗಾಜು ನಯವಾಗಿದೆ, ಆದರೂ ಒಣಗಿದ ಗಾಜಿನ ಮೇಲೆ ರಬ್ಬರು ಜಾರುವುದಿಲ್ಲ. ಮಂಜುಗಡ್ಡೆಯ ಮೇಲೆ ಜಾರುತ್ತದೆ. ಒತ್ತಡ ಹೆಚ್ಚಿದರೆ ಮಂಜುಗಡ್ಡೆಯ ದ್ರವನ ಬಿಂದು ಇಳಿಯುತ್ತದೆ ಎಂದು ಜೇಮ್ಸ್ ಥಾಮ್ಸನ್ 1849ರಲ್ಲಿ ತರ್ಕಿಸಿದ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ಅವನ ತಮ್ಮ ವಿಲಿಯಂ 1850ರಲ್ಲಿ ಅದನ್ನು ಪ್ರಯೋಗದಿಂದ ದೃಢಪಡಿಸಿದ. 1886ರಲ್ಲಿ ಐರ್ಲೆಂಡಿನ ಜಾನ್ ಜೋಲಿ ಇದನ್ನು ಸ್ಕೇಟಿಂಗ್‌ಗೆ ಅನ್ವಯಿಸಿದ: ಸ್ಕೇಟಿನ ಅಲುಗಿನ ಒತ್ತಡಕ್ಕೆ ಮಂಜುಗಡ್ಡೆ ಕರಗಿ ನೀರಾಗುತ್ತದೆ, ಆದ್ದರಿಂದ ಜಾರುತ್ತದೆ. ಅನೇಕ ಪಠ್ಯಪುಸ್ತಕಗಳು ಇದೇ ವಿವರಣೆಯನ್ನು ಬಹುಕಾಲ ಹೇಳುತ್ತ ಬಂದವು.

ಅದನ್ನು ನಮ್ಮ ಲಾರಿಗೆ ಅನ್ವಯಿಸಿ ನೋಡೋಣ. ಒಂದು ವಾಯುಭಾರದ ಒತ್ತಡಕ್ಕೆ ದ್ರವನ ಬಿಂದು ಇಳಿಯುವುದು ಸುಮಾರು 0.0074 ಡಿಗ್ರಿ ಸೆಲ್ಸಿಯಸ್. ಲಾರಿಯ ಟೈರು ರಸ್ತೆಯ ಮೇಲೆ ಹೇರುವ ಒತ್ತಡ ಸುಮಾರು 8 ವಾಯುಭಾರ. ಗುಣಿಸಿದರೆ ಸಿಗುವುದು 0.06 ಡಿಗ್ರಿ! ಮೈನಸ್ 5 ಡಿಗ್ರಿಯ ರಸ್ತೆಯಲ್ಲಿ ಲಾರಿ ಜಾರಲು ಇದು ಕಾರಣವಾಗಲಾರದು.

ಇನ್ನೊಂದು ಸುಳಿವನ್ನು ಮೈಕೆಲ್ ಫ್ಯಾರಡೆ 1850ರಲ್ಲೇ ಕೊಟ್ಟಿದ್ದ. ಎರಡು ಮಂಜುಗಡ್ಡೆಗಳನ್ನು ತಾಗಿಸಿದರೆ ಅಂಟಿಕೊಳ್ಳುತ್ತವೆ. ಆದ್ದರಿಂದ ಮಂಜುಗಡ್ಡೆಯ ಮೇಲ್ಮೈಯಲ್ಲಿ ಮೊದಲೇ ನೀರಿನ ತೆಳುಪದರ ಇರಬೇಕೆಂದು ಅವನು ಊಹಿಸಿದ. ಈ ಊಹೆಗೆ ಮನ್ನಣೆ ಸಿಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಮೇಲ್ಮೈಯ ಅಣುಗಳಿಗೆ ಮೇಲ್ಗಡೆ ನೆರೆಯವರಿಲ್ಲ. ಆದ್ದರಿಂದ ಅವು ಒಳಗಿನ ಅಣುಗಳಷ್ಟು ಬಿಗಿಯಾಗಿ ಬಂಧಿತವಾಗಿರುವುದಿಲ್ಲ.

ಬ್ರಿಟನ್ನಿನ ಬೌಡನ್ ಮತ್ತು ಹ್ಯೂಸ್ 1939ರಲ್ಲಿ ಮೂರನೆಯ ಕಾರಣವನ್ನು ಮುಂದಿಟ್ಟರು. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌಯೋಕ್‌ನ ಹಿಮದ ಗುಹೆಯಲ್ಲಿ ಪ್ರಯೋಗ ನಡೆಸಿದ ಅವರು, ಜಾರುವಾಗ ಹುಟ್ಟುವ ಘರ್ಷಣೆಯ ಶಾಖವೇ ಮಂಜುಗಡ್ಡೆಯನ್ನು ಕರಗಿಸುತ್ತದೆಂದು ತೋರಿಸಿದರು. ಇದು ಲಾರಿಗೆ ನೇರವಾಗಿ ಸಂಬಂಧಿಸಿದ ವಿಷಯ. ರಬ್ಬರು ಶಾಖದ ದುರ್ಬಲ ವಾಹಕ. ಬ್ರೇಕು ಒತ್ತಿ ಚಕ್ರ ತಿರುಗದೆ ನಿಂತಾಗ ಶಾಖವೆಲ್ಲ ತಾಗುವ ಜಾಗದಲ್ಲೇ ಉಳಿದು ನೀರನ್ನು ಉಂಟುಮಾಡುತ್ತದೆ. ಅಂದರೆ ಜಾರುವ ಟೈರು ತನ್ನ ದಾರಿಗೆ ತಾನೇ ನೀರು ಚಿಮುಕಿಸಿಕೊಳ್ಳುತ್ತದೆ!

ಚರ್ಚೆ ಇನ್ನೂ ಮುಗಿದಿಲ್ಲ. ಮಂಜುಗಡ್ಡೆಯ ಮೇಲೆ ಉಕ್ಕಿನ ಗೋಲಿಯನ್ನು ಜಾರಿಸಿದಾಗ ಮೈನಸ್ 7 ಡಿಗ್ರಿಯ ಬಳಿ ಘರ್ಷಣೆ ಅತಿ ಕಡಿಮೆಯೆಂದು 2018ರಲ್ಲಿ ಪ್ರಕಟವಾದ ಆಮ್‌ಸ್ಟರ್‌ಡ್ಯಾಮ್ ಮತ್ತು ಮೈಂಟ್ಸ್ ವಿಜ್ಞಾನಿಗಳ ಅಧ್ಯಯನ ಹೇಳಿತು. ರಬ್ಬರಿನ ಟೈರಿಗಾದರೋ 0 ಡಿಗ್ರಿಯ ಸಮೀಪದ ಒದ್ದೆ ಮಂಜುಗಡ್ಡೆಯೇ ಹೆಚ್ಚು ಅಪಾಯಕಾರಿ. ಚಳಿ ಹೆಚ್ಚಿದಷ್ಟೂ ರಸ್ತೆ ಜಾರುತ್ತದೆ ಎಂಬ ಸಾಮಾನ್ಯ ನಂಬಿಕೆ ತಪ್ಪು.

ಮೊಳೆ ಮತ್ತು ಧೂಳು

ಎಂಜಿನಿಯರುಗಳು ಈ ಚರ್ಚೆ ಮುಗಿಯಲೆಂದು ಕಾಯುತ್ತ ಕೂರಲಿಲ್ಲ. 1950 ಮತ್ತು 60ರ ದಶಕಗಳಲ್ಲಿ ಟೈರಿನೊಳಗೆ ಟಂಗ್‌ಸ್ಟನ್ ಕಾರ್ಬೈಡಿನ ತುದಿಯುಳ್ಳ ಸಣ್ಣ ಮೊಳೆಗಳನ್ನು ಹುದುಗಿಸುವ ವಿಧಾನ ಉತ್ತರ ಯುರೋಪಿನಿಂದ ಹರಡಿತು. ಮೊಳೆಯು ನೀರಿನ ಪದರವನ್ನು ಲೆಕ್ಕಿಸದೆ ಕೆಳಗಿನ ಮಂಜುಗಡ್ಡೆಯನ್ನು ಗೀರುತ್ತದೆ. ಒದ್ದೆ ಮಂಜುಗಡ್ಡೆಯ ಮೇಲೆ ಇದು ಬಹಳ ಉಪಯುಕ್ತ.

ಆದರೆ ಗಡಸುತನದ ಮಾಪಕವನ್ನು ನೆನಪಿಸಿಕೊಳ್ಳಿ. ಮೋಸ್ ಮಾಪಕದಲ್ಲಿ 0 ಡಿಗ್ರಿಯ ಬಳಿ ಮಂಜುಗಡ್ಡೆಯ ಗಡಸುತನ ಸುಮಾರು 1.5, ಜಲ್ಲಿಯಲ್ಲಿರುವ ಬೆಣಚುಕಲ್ಲಿನದು 7, ಟಂಗ್‌ಸ್ಟನ್ ಕಾರ್ಬೈಡಿನದು ಸುಮಾರು 9. ಮಂಜುಗಡ್ಡೆ ಇಲ್ಲದ ಕಡೆ ಮೊಳೆಯು ರಸ್ತೆಯನ್ನೇ ಗೀರುತ್ತದೆ. ರಸ್ತೆಗಳ ಸವೆತ ತಾಳಲಾರದೆ ಅಮೆರಿಕದ ಮಿನೆಸೋಟಾ ರಾಜ್ಯ 1971ರಲ್ಲಿ ಮೊಳೆ ಟೈರನ್ನು ನಿಷೇಧಿಸಿತು. ಜಪಾನಿನ ಸೆಂಡೈ ಮುಂತಾದ ನಗರಗಳಲ್ಲಿ 1980ರ ದಶಕದಲ್ಲಿ ರಸ್ತೆಯ ಧೂಳು ಜನರ ಉಸಿರಿಗೇ ಸಮಸ್ಯೆಯಾಯಿತು. 1990ರಲ್ಲಿ ಅಲ್ಲಿ ಇದರ ವಿರುದ್ಧ ರಾಷ್ಟ್ರೀಯ ಕಾನೂನು ಬಂತು.

ಬದಲಿಯಾಗಿ ಬಂದದ್ದು ಮೊಳೆಯಿಲ್ಲದ ಚಳಿಗಾಲದ ಟೈರು. 1988ರಲ್ಲಿ ಬ್ರಿಜ್‌ಸ್ಟೋನ್ ಕಂಪನಿ ಜಪಾನಿನಲ್ಲಿ ತಂದ 'ಬ್ಲಿಜಾಕ್' ಟೈರಿನ ರಬ್ಬರಿನಲ್ಲಿ ಸ್ಪಂಜಿನಂತೆ ಸೂಕ್ಷ್ಮ ರಂಧ್ರಗಳಿದ್ದವು. ನೀರಿನ ಪದರವನ್ನು ಹೀರಿಕೊಳ್ಳುವುದು ಅವುಗಳ ಕೆಲಸ. ಜೊತೆಗೆ ಅಚ್ಚಿನ ಗಟ್ಟಿಗಳಲ್ಲಿ ಕೂದಲೆಳೆಯಂಥ ಸೀಳುಗಳು. 1923ರಲ್ಲಿ ಜಾನ್ ಸೈಪ್ ಎಂಬಾತನ ಹೆಸರಿನಲ್ಲಿ ಪೇಟೆಂಟ್ ಆದ ಈ ಸೀಳುಗಳು ನೀರನ್ನು ಒರೆಸುತ್ತವೆ, ಅಂಚುಗಳಿಂದ ಮಂಜುಗಡ್ಡೆಯನ್ನು ಕೆರೆಯುತ್ತವೆ. ರಬ್ಬರು ಚಳಿಯಲ್ಲೂ ಮೃದುವಾಗಿ ಉಳಿಯುವುದು ಅತಿ ಮುಖ್ಯ. ಚಾಲೆಂಜರ್ ದುರಂತದ ವಿಚಾರಣೆಯಲ್ಲಿ ರಿಚರ್ಡ್ ಫೈನ್‌ಮನ್ 1986ರಲ್ಲಿ ರಬ್ಬರಿನ ತುಂಡನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿ, ಅದು ಪುಟಿಯುವ ಗುಣ ಕಳೆದುಕೊಂಡದ್ದನ್ನು ತೋರಿಸಿದ್ದು ನಿಮಗೆ ತಿಳಿದಿರಬಹುದು. ಬೇಸಿಗೆಯ ಟೈರು ಚಳಿಯಲ್ಲಿ ಸೋಲುವುದೂ ಹೀಗೆಯೇ.

ಜಪಾನಿನ ಕಥೆಗೆ ಒಂದು ತಿರುವು ಇದೆ. ಮೊಳೆಗಳು ಹೋದ ಮೇಲೆ ಧೂಳು ಇಳಿಯಿತು. ಆದರೆ ಸಪ್ಪೊರೋ ನಗರದಲ್ಲಿ ಮೊಳೆಯಿಲ್ಲದ ಟೈರುಗಳು ಉಜ್ಜಿ ಉಜ್ಜಿ ರಸ್ತೆಯ ಮಂಜುಗಡ್ಡೆಯನ್ನು ಕನ್ನಡಿಯಂತೆ ನುಣುಪುಗೊಳಿಸಿದವು. ಕಾಲ್ನಡೆಯವರು ಜಾರಿ ಬೀಳುವುದು ಹೆಚ್ಚಿತು. ಮೊಳೆ ಟೈರುಗಳು ರಸ್ತೆಯನ್ನು ಒರಟುಗೊಳಿಸಿ ಇತರರಿಗೂ ಹಿಡಿತ ಕೊಡುತ್ತಿದ್ದವೆಂಬುದು ಅವು ಇಲ್ಲವಾದ ಮೇಲೆ ತಿಳಿಯಿತು.

ಆಯ್ಕೆ ಹೇಗೆ?

ಹಾಗಾದರೆ ಯಾವ ಟೈರು ಒಳ್ಳೆಯದು? ಎಲ್ಲ ಕಡೆಗೂ ಸಲ್ಲುವ ಒಂದೇ ಉತ್ತರ ಇಲ್ಲ. ಆಳವಾದ ಹಿಮಕ್ಕೆ ಅಗಲ ಸಂದುಗಳ ಅಚ್ಚು, ಒದ್ದೆ ಮಂಜುಗಡ್ಡೆಗೆ ಮೊಳೆ, ತೀವ್ರ ಚಳಿಯ ಒಣ ಮಂಜುಗಡ್ಡೆಗೆ ಮೃದು ರಬ್ಬರು, ಕಡಿದಾದ ಕಣಿವೆ ದಾರಿಗೆ ಸರಪಳಿ. ಮೂರು ಶಿಖರ ಮತ್ತು ಹಿಮಹರಳಿನ ಚಿತ್ರವಿರುವ, 1999ರಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದ ಗುರುತು ಹೇಳುವುದು ಹಿಮದ ಮೇಲಿನ ಹಿಡಿತವನ್ನು, ಮಂಜುಗಡ್ಡೆಯ ಮೇಲಿನದನ್ನಲ್ಲ. ಲಾರಿಯಲ್ಲಿ ಎಂಜಿನ್ನು ತಿರುಗಿಸುವ ಚಕ್ರಗಳಿಗೆ ಮಾತ್ರ ಒಳ್ಳೆಯ ಟೈರು ಹಾಕಿದರೆ ಸಾಲದು. ಮುಂದಿನ ಚಕ್ರಕ್ಕೆ ಪಕ್ಕದ ಹಿಡಿತ ಇಲ್ಲದಿದ್ದರೆ ಸ್ಟಿಯರಿಂಗ್ ತಿರುಗಿಸಿದರೂ ಲಾರಿ ನೇರ ಹೋಗುತ್ತದೆ. ಜರ್ಮನಿಯು 2020ರ ಜುಲೈಯಿಂದ ಭಾರಿ ವಾಹನಗಳ ಮುಂದಿನ ಚಕ್ರಗಳಿಗೂ ಚಳಿಗಾಲದ ಟೈರನ್ನು ಕಡ್ಡಾಯಗೊಳಿಸಿದ್ದು ಇದಕ್ಕಾಗಿ.

ಶಿಕ್ಷಕರು ಇದನ್ನು ತರಗತಿಯಲ್ಲೇ ತೋರಿಸಬಹುದು. ಫ್ರಿಜ್ಜಿನಿಂದ ಆಗತಾನೆ ತೆಗೆದ ಮಂಜುಗಡ್ಡೆಯನ್ನು ಒದ್ದೆ ಬೆರಳಿನಿಂದ ಮುಟ್ಟಿಸಿ, ಬೆರಳು ಅಂಟುತ್ತದೆ. ಎರಡು ನಿಮಿಷ ಬಿಟ್ಟು ಮುಟ್ಟಿಸಿ, ಜಾರುತ್ತದೆ. ಬಳಿಕ ನಿಲ್ಲುವ ದೂರದ ಲೆಕ್ಕವನ್ನು ಗಂಟೆಗೆ 18 ಕಿಲೋಮೀಟರ್ ವೇಗಕ್ಕೆ ಮಾಡಿಸಿ. ಘರ್ಷಣಾಂಕ 0.1 ಇದ್ದರೂ ಲಾರಿ 13 ಮೀಟರ್‌ಗಳಲ್ಲಿ ನಿಲ್ಲುತ್ತದೆ. ವೇಗ ಅರ್ಧವಾದರೆ ದೂರ ಕಾಲುಭಾಗ. ಯಾವ ಟೈರು ಹಾಕಿದ್ದರೂ ಈ ಲೆಕ್ಕ ತಪ್ಪುವುದಿಲ್ಲ.