ವಂಶಾವಳಿಯೊಳಗ ಉಳದ ಒಬ್ಬಾಕಿ ಹೆಣ್ಣಮಗಳು

ವಂಶಾವಳಿ ಅಂದ್ರ ನಮ್ಮ ಕಡೆ ಗಂಡಸರ ಹೆಸರಿನ ಸರಪಳಿ. ಅಜ್ಜ, ಮುತ್ತಜ್ಜ, ಅವರಪ್ಪ, ಅವರಪ್ಪನ ಅಪ್ಪ, ಹಿಂಗ ಏಳೆಂಟು ತಲಿ ಮ್ಯಾಲೆ ಹೋಗ್ತದ. ಇವರನ್ನೆಲ್ಲಾ ಹಡದವರ ಹೆಸರು ಕೇಳ್ರಿ, ಮೂರನೇ ತಲಿಗೆ ನಿಂತುಬಿಡ್ತದ. ಶ್ರಾದ್ಧಕ್ಕ ತಾಯಿ, ಅಜ್ಜಿ, ಮುತ್ತಜ್ಜಿ ಮೂವರ ಹೆಸರು ಬೇಕಾಗ್ತಾವ ಅಂತ ಅಷ್ಟಾದ್ರೂ ಉಳದಾವ ಅನ್ರಿ.

ನಮ್ಮ ಅಣ್ಣನ ಸೊಸಿ ಅಮೆರಿಕದಾಕಿ. ಕೂಸು ಹುಟ್ಟಿದ ಮ್ಯಾಲೆ ಎರಡೂ ಮನಿತನದ ವಂಶಾವಳಿ ಒಂದೇ ಹಾಳಿಮ್ಯಾಲೆ ಬರದಿಡೋಣು ಅಂತ ಆಕಿ ಹಟಾ ಹಿಡದಳು. ನಮ್ಮ ಕಡೆದ್ದು ಬರದು ಕೊಡೋ ಕೆಲಸ ನನ್ನ ಪಾಲಿಗೆ ಬಂತು. ಆಕಿ ಕಡೆದ್ದು ನೋಡಿದ್ರ ಹದಿಮೂರು ತಲಿ ಮ್ಯಾಲೆ ಒಬ್ಬಾಕಿ ಹೆಣ್ಣಮಗಳ ಹೆಸರು ಅದ: ಆ್ಯನ್ ಹಚಿನ್ಸನ್. 1634ರಾಗ ಇಂಗ್ಲೆಂಡ್ ಬಿಟ್ಟು ಮ್ಯಾಸಚೂಸೆಟ್ಸ್‌ಗೆ ಬಂದ ಪ್ಯೂರಿಟನ್ ಹೆಂಗಸು, ಹೆರಿಗಿ ಮಾಡಿಸೋ ಸೂಲಗಿತ್ತಿ, ಹದಿನೈದು ಮಕ್ಕಳ ತಾಯಿ. ಆಕಿ ಹೆಸರು ಉಳದದ್ದು ಹೆಂಗ ಅನ್ನೋದು ಓದ್ತಾ ಹೋಧಂಗ ನನಗ ಭಾಳ ವಿಚಾರ ಹತ್ತಿತು. ಅದನ್ನ ನಿಮ್ಮ ಮುಂದೂ ಇಡ್ತೀನಿ.

ಪ್ಯೂರಿಟನ್ನರು ಅಂದ್ರ, ಇಂಗ್ಲೆಂಡಿನ ಸರಕಾರಿ ಚರ್ಚಿನೊಳಗ ಕ್ಯಾಥೊಲಿಕ್ಕರ ಹಳೇ ಆಚಾರ ಇನ್ನೂ ಉಳದಾವ, ಅವನ್ನ ತಗದು ಶುದ್ಧ ಮಾಡಬೇಕು ಅನ್ನೋ ಮಂದಿ. ಭಾಳ ಕಟ್ಟುನಿಟ್ಟು. ಮ್ಯಾಸಚೂಸೆಟ್ಸ್‌ದಾಗ 1659ರಿಂದ 1681ರ ತನಕಾ ಕ್ರಿಸ್‌ಮಸ್ ಮಾಡಿದ್ರ ಐದು ಶಿಲಿಂಗ್ ದಂಡ ಹಾಕ್ತಿದ್ರು. ಬೈಬಲ್‌ನಾಗ ಆ ಹಬ್ಬ ಹೇಳಿಲ್ಲ ಅಂತ ಅವರ ವಾದ. 1620ರಿಂದ 1640ರೊಳಗ ಸುಮಾರು ಇಪ್ಪತ್ತು ಸಾವಿರ ಮಂದಿ ಹಡಗ ಹತ್ತಿ ನ್ಯೂ ಇಂಗ್ಲೆಂಡಿಗೆ ಬಂದ್ರು. ಭಾಳ ಮಂದಿ ಹೆಂಡ್ತಿ ಮಕ್ಕಳು, ಮುದುಕರು, ಆಳುಮಕ್ಕಳ ಸಮೇತ ಬಂದ್ರು. ಹಿಂಗಾಗಿ ಅವರ ಹಿಂದಿನ ಕುರುಹು ಹಿಡಿಯೋದು ಸ್ವಲ್ಪ ಹಗುರ. ಬಾಸ್ಟನ್‌ದಾಗ ಇದಕ್ಕಂತನ 1845ರಾಗ ಹುಟ್ಟಿದ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿ ಅನ್ನೋ ಸಂಸ್ಥಾ ಅದ. ಬಂದ ಒಂದೊಂದು ಕುಟುಂಬದ ದಾಖಲೆ ಹುಡುಕಿ ಬರಿಯೋ ದೊಡ್ಡ ಕೆಲಸ ಅಲ್ಲೆ 1988ರಾಗ ಶುರುವಾತು.

ಇಂಗ್ಲೆಂಡಿನ ಕಡೆ ಕುರುಹು ಸಿಗೋದು ಚರ್ಚಿನ ದಫ್ತರದಾಗ. 1538ರಾಗ ಥಾಮಸ್ ಕ್ರಾಮ್ವೆಲ್ ಅನ್ನೋ ಮಂತ್ರಿ, ಪ್ರತಿ ಊರ ಚರ್ಚಿನೊಳಗ ಕೂಸಿನ ಜ್ಞಾನಸ್ನಾನ, ಮದುವಿ, ಮಣ್ಣು ಬರದು ಇಡಬೇಕು ಅಂತ ಹುಕುಮ್ ಮಾಡಿದ್ದ. ಹಂಗಾಗಿ ಆ್ಯನ್‌ಳ ಜ್ಞಾನಸ್ನಾನ 1591ರ ಜುಲೈ 20ಕ್ಕ ಲಿಂಕನ್‌ಶೈರ್‌ನ ಆಲ್ಫರ್ಡ್ ಊರಾಗ ಆತು ಅಂತ ಗೊತ್ತದ. ಹುಟ್ಟಿದ ದಿನ ಯಾರೂ ಬರದಿಲ್ಲ. ಆಕಿ ಮದುವಿ ಲಂಡನ್ನಿನ ಸೇಂಟ್ ಮೇರಿ ವುಲ್ನಾತ್ ಚರ್ಚಿನಾಗ, 1612ರ ಆಗಸ್ಟ್ 9ಕ್ಕ. ಗಂಡ ವಿಲಿಯಂ ಹಚಿನ್ಸನ್, ಅದೇ ಆಲ್ಫರ್ಡ್ ಊರ ಅರಿವಿ ವ್ಯಾಪಾರಿ.

ಅಪ್ಪ ಫ್ರಾನ್ಸಿಸ್ ಮಾರ್ಬರಿ ಪಾದ್ರಿ. ಮಂದಿಗೆ ಉಪದೇಶ ಮಾಡಾಕ ಬರಧಂಥವರನ್ನ ಪಾದ್ರಿ ಮಾಡ್ತೀರಿ ಅಂತ ಬಿಷಪ್‌ರ ಎದುರಿಗೇ ಹೇಳಿ ಜೇಲಿಗೆ ಹೋಗಿ ಬಂದಾಂವ. ತನ್ನ ವಿಚಾರಣಿ ಹೆಂಗ ನಡೀತು ಅಂತ ನೆನಪಿನಿಂದ ಪೂರ್ತಿ ಬರದಿಟ್ಟಿದ್ದ. ಮಗಳು ಸಾಲಿಗೆ ಹೋಗಲಿಲ್ಲ, ಆ ಕಾಲಕ್ಕ ಹೆಣ್ಣಮಕ್ಕಳಿಗೆ ಅಂಥಾ ಸಾಲಿ ಎಲ್ಲಿದ್ದು? ಮನ್ಯಾಗ ಅಪ್ಪನ ಹತ್ರನ ಕಲಿತಳು. ದೊಡ್ಡವರ ಮುಂದ ನಿಂತು ಉತ್ತರ ಕೊಡೋದೂ ಅಲ್ಲೇ ಬಂತು ಅಂತ ಕಾಣಸ್ತದ.

ಆಲ್ಫರ್ಡ್‌ನಾಗ ಆಕಿ ಹದಿನಾಲ್ಕು ಮಕ್ಕಳ ಹೆಸರು ದಫ್ತರದಾಗ ಬಂದಾವ. 1630ರಾಗ ಒಂದೇ ವರ್ಷ ಸುಸಾನಾ, ಎಲಿಜಬೆತ್ ಅನ್ನೋ ಇಬ್ಬರು ಹೆಣ್ಣಮಕ್ಕಳು ತೀರಿಕೊಂಡ್ರು. 1633ರ ನವೆಂಬರ್‌ದಾಗ ಮತ್ತೊಂದು ಹೆಣ್ಣು ಕೂಸಿಗೆ ಸುಸಾನಾ ಅಂತನ ಹೆಸರಿಟ್ರು. ಹೋದ ಮಗಳ ಹೆಸರು ಮತ್ತ ಮನ್ಯಾಗ ಕೇಳಬೇಕು ಅನ್ನೋ ತಾಯಿ ಮನಸು ನಮಗ ತಿಳೀತದ. ಆದ್ರ ವಂಶಾವಳಿ ಹುಡುಕೋರು ಇಲ್ಲೇ ಎಡವತಾರ. ಮೊದಲನೇ ಸುಸಾನಾಳ ತಾರೀಖು ಎರಡನೇಯಾಕಿಗೆ ಹಚ್ಚಿಬಿಡ್ತಾರ. ಈ ಎರಡನೇ ಸುಸಾನಾಳನ್ನ ನೆನಪಿಡ್ರಿ, ಮುಂದ ಬರ್ತಾಳ.

ಆ್ಯನ್ ಮೆಚ್ಚಿದ ಉಪದೇಶಕ ಜಾನ್ ಕಾಟನ್. ಇಂಗ್ಲೆಂಡಿನ ಬಾಸ್ಟನ್ ಊರಾಗ ಇದ್ದ. ಆತನ ಮಾತು ಕೇಳಾಕ ಆಲ್ಫರ್ಡ್‌ನಿಂದ ಇಪ್ಪತ್ತು ಮೈಲಿಗಿಂತ ಹೆಚ್ಚು ಹಾದಿ ಹೋಗ್ತಿದ್ರು. ಸರಕಾರದ ಕಾಟಕ್ಕ ಆತ 1633ರಾಗ ಹೊಸ ಬಾಸ್ಟನ್ನಿಗೆ ಹೋದ. ಮರು ವರ್ಷ ಇವರೂ ಗ್ರಿಫಿನ್ ಅನ್ನೋ ಹಡಗ ಹತ್ತಿದ್ರು. ಸಪ್ಟಂಬರ್‌ದಾಗ ಇಳದ್ರು. ಹಡಗದಾಗೇ ಒಬ್ಬ ಪಾದ್ರಿಗೂ ಆಕಿಗೂ ಧರ್ಮದ ಮಾತಿಗೆ ತಿಕ್ಕಾಟ ಆಗಿತ್ತು. ಹಂಗಾಗಿ ಗಂಡನ ಹೆಸರು ಬಾಸ್ಟನ್ ಚರ್ಚಿಗೆ ಮೊದಲು ಸೇರಿತು, ಆಕಿದು ಒಂದು ವಾರ ತಡಾ ಆತು. ಚರ್ಚಿನ ದಫ್ತರದಾಗಿನ ಆ ಒಂದು ವಾರದ ಫರಕಿನಾಗ ಮುಂದ ಆಗೋದರ ಸುಳಿವು ಸಿಗ್ತದ.

ಹೊಸ ಊರು, ಥಂಡಿ, ಅತ್ತಿ ತಾಯಿ ಯಾರೂ ಹತ್ರ ಇಲ್ಲದ ಎಳೇ ಬಸರಿ ಹೆಂಗಸರು. ಅಂಥಾ ಜಾಗದಾಗ ಹೆರಿಗಿ ಮಾಡಿಸಾಕ ಬರೋ, ಔಷಧ ಗೊತ್ತಿರೋ ಹೆಂಗಸು ಎಲ್ಲಾರ ಮನಿಗೂ ಬೇಕಾದಾಕಿ ಆಗ್ತಾಳ. ಬ್ಯಾನಿ ತಿನ್ನೋ ಹೊತ್ತಿನ್ಯಾಗ ನಾ ಸತ್ರ ನನ್ನ ಗತಿ ಏನು, ದೇವರು ನನ್ನನ್ನ ಒಪ್ಪಿಕೊಂಡಾನೋ ಇಲ್ಲೋ ಅಂತ ಹೆಂಗಸರು ಅಂಜತಿದ್ರು. ಆ್ಯನ್ ಅವರಿಗೆ ಸಮಾಧಾನ ಹೇಳ್ತಿದ್ಳು: ಒಳ್ಳೇ ನಡತಿ ತೋರಿಸಿ ಗಳಿಸೋದಲ್ಲ ಇದು, ದೇವರ ಕೃಪಾದಿಂದ ಬರೋದು ಅಂತ. ವಾರಕ್ಕೊಮ್ಮೆ ಮನ್ಯಾಗ ಹೆಂಗಸರನ್ನ ಕೂಡಿಸಿಕೊಂಡು ಹಿಂದಿನ ಉಪದೇಶದ ಮ್ಯಾಲೆ ಮಾತಾಡ್ತಿದ್ಳು. ನಮ್ಮ ಭಜನಿ ಮಂಡಳಿ ಇದ್ಧಂಗ ಅನ್ರಿ. ಬರಬರತಾ ಅರವತ್ತು ಮಂದಿ ಕೂಡಲಿಕತ್ರು, ಗಂಡಸರೂ ಬರಲಿಕತ್ರು. ಊರ ಪಾದ್ರಿಗಳೊಳಗ ಭಾಳ ಮಂದಿ ಬರೇ ನಡತಿ ಬಗ್ಗೆ ಹೇಳ್ತಾರ, ಕೃಪಾ ಬಗ್ಗೆ ಹೇಳೂದಿಲ್ಲ ಅನ್ನೋ ಮಾತು ಅಲ್ಲಿಂದ ಊರಿಗೆ ಹಬ್ಬಿತು.

ಎದುರು ಮನ್ಯಾಗಿದ್ದಾಂವ ಗವರ್ನರ್ ಜಾನ್ ವಿನ್‌ತ್ರಾಪ್! ಯಾರು ಬಂದ್ರು, ಎಷ್ಟು ಮಂದಿ ಬಂದ್ರು, ಎಲ್ಲಾ ಕಣ್ಣಿಗೆ ಬೀಳ್ತಿತ್ತು. 1637ರ ನವೆಂಬರ್‌ದಾಗ ಆಕಿನ್ನ ಕಟಕಟಿಗೆ ಕರದ್ರು. ಆಕಿಗೆ ನಲವತ್ತಾರು ವರ್ಷ. ಮುಂದ ಕೂತಾವ್ರು ಸುಮಾರು ನಲವತ್ತು ಮಂದಿ ಗಂಡಸರು, ಆಕಿ ಕಡೆ ವಕೀಲ ಇಲ್ಲ. ನ್ಯಾಯ ಹೇಳಾಂವನೂ, ತಪ್ಪು ಹೊರಿಸಾಂವನೂ ಅದೇ ವಿನ್‌ತ್ರಾಪ್. ಹೆಂಗಸರನ್ನ ಯಾಕ ಕೂಡಸ್ತಿ ಅಂತ ಕೇಳಿದ್ರ, ಹಿರೇ ಹೆಂಗಸರು ಕಿರಿಯಾರಿಗೆ ಕಲಿಸಬೇಕು ಅಂತ ಬೈಬಲ್‌ನಾಗೇ ಅದಲ್ಲಾ ಅಂದ್ಳು. ನನ್ನ ಮ್ಯಾಲೆ ಹೇಳೋ ಪಾದ್ರಿಗಳು ಆಣಿ ಮಾಡಿ ಹೇಳ್ಲಿ ಅಂದ್ಳು. ಒಂದು ದಿನ ಪೂರಾ ಅವರಿಗೆ ಆಕಿ ಸಿಗಲಿಲ್ಲ. ಎರಡನೇ ದಿನ, ದೇವರು ನನಗ ನೇರ ತಿಳಿಸ್ಯಾನ ಅಂತ ಆಕೀನ ಅಂದ್ಳು. ಅಷ್ಟು ಸಾಕಾತು ಅವರಿಗೆ, ಗಡೀಪಾರು ಮಾಡಿದ್ರು. ಯಾಕ ಅಂತ ಆಕಿ ಕೇಳಿದ್ರ, ಯಾಕಂತ ಕೋರ್ಟಿಗೆ ಗೊತ್ತದ ಅಂತ ಉತ್ತರ ಬಂತು.

ಚಳಿಗಾಲ ಪೂರಾ ಬ್ಯಾರೆಯವರ ಮನ್ಯಾಗ ಆಕಿನ್ನ ಬಂದೋಬಸ್ತಿನಾಗ ಇಟ್ರು. 1638ರ ಮಾರ್ಚ್‌ದಾಗ ಚರ್ಚೂ ಆಕಿನ್ನ ಹೊರಗ ಹಾಕಿತು. ಹೊರಗ ಹೊಂಟಾಗ ಮೇರಿ ಡಯರ್ ಅನ್ನಾಕಿ ಎದ್ದು ಬಂದು ಆಕಿ ಕೈ ಹಿಡದು ಜೋಡಿ ನಡದಳು. ಈ ಮೇರಿಗೆ ಸ್ವಲ್ಪ ದಿನದ ಹಿಂದ ಅಂಗ ಸರಿ ಇಲ್ಲದ ಸತ್ತ ಕೂಸು ಹುಟ್ಟಿತ್ತು, ಸೂಲಗಿತ್ತಿ ಆ್ಯನ್‌ಳೇ. ಸುದ್ದಿ ಹೊರಗ ಬಿದ್ದ ಮ್ಯಾಲೆ ವಿನ್‌ತ್ರಾಪ್ ಆ ಕೂಸನ್ನ ಮಣ್ಣಿನಿಂದ ತಗಸಿ ನೋಡಿದ, ಇದು ದೇವರ ಶಿಕ್ಷಾ ಅಂತ ಬರದ. ಹಡದು ಕಳಕೊಂಡ ತಾಯಿಗೆ ಅದು ಹೆಂಗ ಅನಿಸಿರಬೇಕು, ನಾ ಬರಿಯೋದೇನದ. 1660ರಾಗ ಅದೇ ಬಾಸ್ಟನ್‌ದಾಗ ಮೇರಿಯನ್ನ ಕ್ವೇಕರ್ ಆಗ್ಯಾಳ ಅಂತ ಗಲ್ಲಿಗೆ ಹಾಕಿದ್ರು.

ಆ್ಯನ್‌ಳ ಗಂಡನ್ನ ಹೆಂಡ್ತಿ ಮಾತು ಕೇಳೋ ಪುಕ್ಕ ಅಂತ ವಿನ್‌ತ್ರಾಪ್ ಹಗುರ ಮಾಡ್ತಿದ್ದ. ಹೆಂಡ್ತಿ ಬಿಟ್ಟು ಚರ್ಚಿನ ಕಡೆ ಬಾ ಅನ್ನೋ ಅರ್ಥದಾಗ ಬಾಸ್ಟನ್ನಿನವರು ಹೇಳಿ ಕಳಿಸಿದಾಗ ವಿಲಿಯಂ, ಚರ್ಚಿಗಿಂತ ನನ್ನ ಗಂಟು ಹೆಂಡ್ತಿ ಜೋಡಿ ಗಟ್ಟಿ ಅದ ಅಂದ. ಆ ಒಂದು ಮಾತಿಗೆ ನಾ ಈ ವಿಲಿಯಂಗ ದೊಡ್ಡ ನಮಸ್ಕಾರ ಮಾಡ್ತೀನಿ.

ಇವರು ರೋಡ್ ಐಲಂಡಿಗೆ ಹೋದ್ರು. ನಾರಗ್ಯಾನ್ಸೆಟ್ ಮಂದಿ ಕಡಿಂದ ಜಾಗಾ ತಗೊಂಡು ಪೋರ್ಟ್ಸ್‌ಮತ್ ಊರು ಕಟ್ಟಿದ್ರು. ವಿಲಿಯಂ ತೀರಿಕೊಂಡ ಮ್ಯಾಲೆ, ಮ್ಯಾಸಚೂಸೆಟ್ಸ್‌ನವರ ಕೈ ಇಲ್ಲಿತನಕಾ ಚಾಚಬಹುದು ಅಂತ ಅಂಜಿ ಆ್ಯನ್ ಸಣ್ಣ ಮಕ್ಕಳನ್ನ ಕರಕೊಂಡು 1642ರಾಗ ಡಚ್ಚರ ಸೀಮಿಗೆ ಹೋದ್ಳು, ಈಗಿನ ನ್ಯೂಯಾರ್ಕಿನ ಬ್ರಾಂಕ್ಸ್ ಕಡೆ. ಆ ಹೊತ್ತಿಗೆ ಡಚ್ ಗವರ್ನರ್ ಕೀಫ್ಟ್ ಅಲ್ಲಿಯ ಮೂಲ ಮಂದಿ ಮ್ಯಾಲೆ ಯುದ್ಧ ಹಚ್ಚಿದ್ದ. 1643ರ ಫೆಬ್ರುವರಿದಾಗ ರಾತ್ರಿ ಮಲಗಿದ ನೂರಕ್ಕೂ ಹೆಚ್ಚು ಮಂದಿನ್ನ, ಹೆಂಗಸರು ಮಕ್ಕಳು ಅನ್ನದ, ಕೊಲ್ಲಿಸಿದ್ದ. ಅದರ ಸೇಡಿನ ಉರಿ ಇವರ ಮನಿಗೆ ಬಂತು. ಅದೇ ವರ್ಷ ಆಗಸ್ಟ್ ಸುಮಾರಿಗೆ ಸಿವನಾಯ್ ಮಂದಿ ಆ್ಯನ್‌ಳನ್ನೂ ಜೋಡಿಗಿದ್ದ ಮಕ್ಕಳನ್ನೂ ಕೊಂದ್ರು. ಬಾಸ್ಟನ್ನಿನ ಪಾದ್ರಿಗಳು ದೇವರ ನ್ಯಾಯ ಅಂದ್ರು.

ಉಳದಾಕಿ ಒಬ್ಬಾಕೀನ, ಆ ಎರಡನೇ ಸುಸಾನಾ. ಒಂಬತ್ತು ವರ್ಷದ ಹುಡುಗಿ. ಅವರು ಆಕಿನ್ನ ಎತ್ತಿಕೊಂಡು ಹೋಗಿ ಸಾಕಿದ್ರು. ಕೆಂಪು ಕೂದಲಾ ನೋಡಿ ಬಿಟ್ರು ಅಂತ ಕತಿ ಹೇಳ್ತಾರ. ಕತಿ ಚಂದ ಅದ, ಆದ್ರ ಆ ಕಾಲದ ಕಾಗದಪತ್ರದ ಆಧಾರ ಅದಕ್ಕಿಲ್ಲ. ಕೆಲವು ವರ್ಷಕ್ಕ ಆಕಿನ್ನ ತಿರುಗಿ ಕೊಡಿಸಿದಾಗ ಆಕಿಗೆ ತನ್ನ ಮಾತೇ ಮರತುಹೋಗಿತ್ತು, ಬರಾಕ ಮನಸೂ ಇರಲಿಲ್ಲ ಅಂತ ಬರದಿಟ್ಟಾರ. 1651ರ ಡಿಸೆಂಬರ್‌ದಾಗ ಬಾಸ್ಟನ್‌ದಾಗ ಜಾನ್ ಕೋಲ್ ಅನ್ನಾಂವನ್ನ ಮದುವಿ ಆಗಿ, ಆಮ್ಯಾಲೆ ರೋಡ್ ಐಲಂಡಿನಾಗ ಸಂಸಾರ ಮಾಡಿದ್ಳು. ನಮ್ಮ ಸೊಸಿ ಸರಪಳಿ ಈಕಿಯಿಂದನ ಬಂದದ. ಅಷ್ಟು ದೊಡ್ಡ ಮನಿತನದ ಒಂದು ಕೊಂಡಿ, ಎರಡು ಭಾಷಾ ನಡುವ ಮೂಕಾಗಿ ನಿಂತ ಒಂದು ಹುಡುಗಿ ಮ್ಯಾಲೆ ನಿಂತದ.

ಈ ಸರಪಳಿ ಜೋಡಸೋದು ಹಗುರಲ್ಲ. 1752ರ ತನಕಾ ಇಂಗ್ಲಿಷರ ಹೊಸ ವರ್ಷ ಮಾರ್ಚ್ 25ಕ್ಕ ಶುರುವಾಗ್ತಿತ್ತು. ಹಂಗಾಗಿ 1638ರ ಫೆಬ್ರುವರಿ ಹಳೇ ಕಾಗದದಾಗ 1637 ಅಂತ ಇರ್ತದ. ಎಡ್ವರ್ಡ್ ಹಚಿನ್ಸನ್ ಅಂದ್ರ ಮೂವರು: ಮಾವ, ಮೈದುನ, ಹಿರೇ ಮಗ. ಎಲ್ಲಾದಕ್ಕೂ ಕಠಿಣ ಹೆಂಗಸರನ್ನ ಹುಡುಕೋದು. ಮದುವಿ ಆದಾಕಿ ಹೆಸರಿನ ಮ್ಯಾಲೆ ಆಸ್ತಿ ಇಲ್ಲ, ಮೃತ್ಯುಪತ್ರ ಬರಿಯೋ ಹಕ್ಕಿಲ್ಲ. ಯಾರರೆ ಅಪ್ಪ ತನ್ನ ಮೃತ್ಯುಪತ್ರದಾಗ ಮಗಳಿಗೆ ಹಾಸಿಗಿ, ಹಿತ್ತಾಳಿ ಪಾತ್ರಿ, ಆಕಳಾ ಬಿಟ್ಟು ಅಳಿಯನ ಹೆಸರು ಹಾಕಿದ್ರಷ್ಟ ಕೊಂಡಿ ಕೂಡ್ತದ. ಇಷ್ಟಾದ ಮ್ಯಾಲೂ ಹದಿಮೂರು ತಲಿ ಮ್ಯಾಲೆ ಹೋದ್ರ ಒಬ್ಬೊಬ್ಬರಿಗೂ 8192 ಜಾಗಾ ಆಗ್ತಾವ, ಅದರಾಗ ಹೆಸರು ಗೊತ್ತಿರೋದು ಬೆರಳ ಮ್ಯಾಲೆ ಎಣಿಸೋ ಅಷ್ಟು.

ಆ್ಯನ್‌ಳ ಮಾತು ನಮಗ ತಿಳದದ್ದು ಆಕಿ ವಿಚಾರಣಿ ಬರದಿಟ್ಟದ್ದಕ್ಕ. ಅದನ್ನ 1767ರಾಗ ಅಚ್ಚು ಹಾಕಿಸಿದಾಂವ ಥಾಮಸ್ ಹಚಿನ್ಸನ್, ಆಕಿ ಹಿರೇ ಮಗನ ಮೊಮ್ಮಗನ ಮಗ. 1765ರಾಗ ಬ್ರಿಟಿಷ್ ಕರದ ಸಿಟ್ಟಿಗೆ ಮಂದಿ ಆತನ ಮನಿ ಹೊಕ್ಕು ಒಡದು, ಕಾಗದಪತ್ರ ಬೀದಿ ಕೆಸರಿಗೆ ಒಗದಿದ್ರು. ಪಕ್ಕದ ಪಾದ್ರಿ ಒಬ್ಬ ಆರಿಸಿ ತಂದು ಕೊಟ್ಟ. ಆಕಿನ್ನ ಹೊರಗ ಹಾಕಿದ ಮ್ಯಾಸಚೂಸೆಟ್ಸ್‌ಗೇ ಆತ ಮುಂದ ಗವರ್ನರ್ ಆದ. ಕಡೀಕೆ ಆತನೂ 1774ರಾಗ ಊರು ಬಿಟ್ಟು ಇಂಗ್ಲೆಂಡಿಗೆ ಹೋಗಿ ಅಲ್ಲೇ ಮಣ್ಣಾದ.

1922ರಾಗ ಬಾಸ್ಟನ್ನಿನ ಸರಕಾರಿ ಭವನದ ಮುಂದ ಆಕಿ ಮೂರ್ತಿ ಬಂತು, ಮಗ್ಗಲಕ ಒಂದು ಹೆಣ್ಣ ಕೂಸು. 1987ರಾಗ ಗವರ್ನರ್ ಮೈಕಲ್ ಡುಕಾಕಿಸ್ ಗಡೀಪಾರು ಹುಕುಮ್ ತಗದು ಹಾಕಿದ, 350 ವರ್ಷದ ಮ್ಯಾಲೆ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್, ಇಬ್ಬರೂ ಬುಷ್‌ರು ಆಕಿ ವಂಶದವರೇ.

ಒಂದು ಮಾತು ಕಟುವಾದ್ರೂ ಹೇಳ್ತೀನಿ. ಆಕಿ ಹೆಸರು ಉಳದದ್ದು ಹದಿನೈದು ಹಡದದ್ದಕ್ಕಲ್ಲ, ಊರ ತುಂಬ ಬಾಣಂತನ ಮಾಡಿದ್ದಕ್ಕೂ ಅಲ್ಲ. ಶಿಕ್ಷಾ ಕೊಡಾಕ ಬರಕೊಂಡ್ರು, ಅದಕ್ಕ ಉಳೀತು. ಸುಮ್ಮನ ಬಾಳೇ ಮಾಡಿದ ಹೆಂಗಸರನ್ನ ಯಾರೂ ಬರಕೊಳ್ಳಲಿಲ್ಲ, ಅಲ್ಲಿನೂ ಇಲ್ಲಿನೂ. ಇನ್ನ ಆ ಜಾಗಾ ಕಳಕೊಂಡ ಸಿವನಾಯ್ ತಾಯಂದಿರ ಹೆಸರು ಯಾವ ದಫ್ತರದಾಗೂ ಇಲ್ಲ. ಸುಸಾನಾಳಿಗೆ ಅಷ್ಟು ವರ್ಷ ಉಣಸಿದಾಕಿ ಯಾರೋ ಒಬ್ಬಾಕಿ ಇದ್ದೇ ಇದ್ಳು ಅಲ್ಲಾ?

ನಮ್ಮ ಕಡೆದ ಹಾಳಿ ಇನ್ನೂ ತುಂಬಿಲ್ಲ. ವೈನಿ, ಮಾವಶಿ, ಅಕ್ಕಾರು, ಎಲ್ಲಾರಿಗೂ ಕೇಳ್ತೀನಿ: ನಿಮ್ಮ ತಾಯಿ, ತಾಯಿ ತಾಯಿ, ಆಕಿ ತಾಯಿ, ಇವರ ಹೆಸರು ಬರದು ಕಳಸ್ರಿ. ಲಗ್ನದಾಗ ಹೆಸರು ಬದಲಿ ಮಾಡಿದ್ರ ಎರಡೂ ಬರೀರಿ, ತವರಮನಿ ಊರೂ ಬರೀರಿ. ತಾರೀಖು ಗೊತ್ತಿಲ್ಲಂದ್ರ ನಡೀತದ. ಎಂಬತ್ತು ದಾಟಿದವರು ಇನ್ನೂ ಮೂರ್ನಾಲ್ಕು ಮಂದಿ ನಮ್ಮೊಳಗ ಇದ್ದಾರ. ಈ ವಾರನ ಅವರ ಹತ್ರ ಹೋಗಿ ಕೇಳ್ರಿ.