ಹೊಸ್ತಿಲು ದಾಟಿದ ಹಾಡುಗಳು

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ದೇವಾಲಯವನ್ನು ಕಟ್ಟಿದವರನ್ನೂ ಇಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನೂ ಸ್ಮರಿಸುವುದು ನಮ್ಮೆಲ್ಲರ ಕರ್ತವ್ಯ. ಅದರೊಂದಿಗೆ, ಇಗರ್ಜಿಯ ಒಳಗೂ ಹೊರಗೂ ನಮ್ಮ ಜನ ಹಾಡಿದ ಹಾಡುಗಳನ್ನು ಸಹ ಸ್ಮರಿಸಬೇಕೆಂದು ನಮಗೆ ತೋರಿತು. ಮುಟ್ಟಳ್ಳಿಯಿರುವ ಈ ಭಟ್ಕಳ, ಹೊನ್ನಾವರ, ಕುಮಟೆಗಳ ಕರಾವಳಿಯಲ್ಲಿ ಲ್ಯಾಟಿನ್ ಗಾನ, ಕೊಂಕಣಿ ಕಂತಾರ, ಕನ್ನಡ ಭಕ್ತಿಗೀತೆ, ಗುಮಟೆಯ ಪೆಟ್ಟು, ಯಕ್ಷಗಾನದ ಚಂಡೆ ಇವೆಲ್ಲವೂ ಕೇಳಿಬಂದಿವೆ. ಇವು ಯಾವ ಯಾವ ಬಾಗಿಲುಗಳನ್ನು ದಾಟಿ ಬಂದವೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ಕೆನರಾ ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಅನೇಕರ ಪೂರ್ವಜರು ಗೋವೆಯಿಂದ ಬಂದವರು. ಅವರೊಡನೆ ಮದುವೆಮನೆಯ ಹಾಡುಗಳೂ ಬಂದವು. ರೋಸಿನ ದಿನ ವಧೂವರರಿಗೆ ತೆಂಗಿನ ಹಾಲು ಹಚ್ಚುವಾಗ ಹೆಂಗಸರು ಹಾಡುವ ವೋವಿಯೊಗಳು ಅಂಥವು. 1736ರಲ್ಲಿ ಗೋವೆಯ ಇಂಕ್ವಿಸಿಷನ್ ನ್ಯಾಯಾಲಯವು ಹಿಂದೂ ಪದ್ಧತಿಯ ಶೇಷವೆಂದು ಇಂತಹ ಹಾಡುಗಳನ್ನು ನಿಷೇಧಿಸಿತು. ಆದರೂ ಅವು ಅಳಿಯಲಿಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ, ತವರಿನಿಂದ ಗಂಡನ ಮನೆಗೆ, ಬರೆಹದ ನೆರವಿಲ್ಲದೆ ನಡೆದುಬಂದವು.

ಇತ್ತ ಗೋವೆಯ ಇಗರ್ಜಿಗಳಿಗೆ ಸೇರಿದ ಶಾಲೆಗಳಲ್ಲಿ ಮೇಸ್ತ್ರಿಗಳು ಹುಡುಗರಿಗೆ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸುತ್ತಿದ್ದರು. ಪೂಜೆಗಾಗಿ ಕಲಿತ ಈ ವಿದ್ಯೆ ಪೂಜೆಯಲ್ಲಿಯೇ ನಿಲ್ಲಲಿಲ್ಲ. ಗೋವೆಯ ವಾದಕರು ಮುಂಬಯಿಯ ಹಿಂದಿ ಚಲನಚಿತ್ರಗಳ ವಾದ್ಯವೃಂದಗಳಿಗೆ ಆಧಾರವಾದರು. ಅವರಲ್ಲೊಬ್ಬರಾದ ಆಂಥನಿ ಗೊನ್ಸಾಲ್ವಿಸ್ ಸಂಗೀತ ನಿರ್ದೇಶಕ ಪ್ಯಾರೇಲಾಲರಿಗೆ ಪಿಟೀಲು ಕಲಿಸಿದ ಗುರುಗಳು. ಹೀಗೆ ಇಗರ್ಜಿಯ ಅಂಗಳದಿಂದ ಹೊರಟ ವಿದ್ಯೆ ರೇಡಿಯೋದ ಚಿತ್ರಗೀತೆಯಾಗಿ ಎಲ್ಲ ಮತದವರ ಮನೆಗಳನ್ನೂ ಪ್ರವೇಶಿಸಿತು.

1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಾಳ ಹಬ್ಬದಂದು, ಹತ್ತನೆಯ ಪಿಯುಸ್ ಜಗದ್ಗುರುಗಳು ದೇವಾಲಯ ಸಂಗೀತವನ್ನು ಕುರಿತು ಒಂದು ಆಜ್ಞಾಪತ್ರವನ್ನು ಹೊರಡಿಸಿದರು. ಗ್ರೆಗೋರಿಯನ್ ಗಾನವೇ ಮೇಲ್ಪಂಕ್ತಿಯೆಂದು ಅದು ಸಾರಿತು. ಸಂಭ್ರಮದ ಪೂಜಾವಿಧಿಗಳಲ್ಲಿ ಲ್ಯಾಟಿನ್ ಬಿಟ್ಟು ದೇಶಭಾಷೆಗಳಲ್ಲಿ ಹಾಡಕೂಡದು, ಪಿಯಾನೊ, ಡೋಲು, ತಾಳಗಳು ದೇವಾಲಯದೊಳಗೆ ಬರಕೂಡದು ಎಂದು ವಿಧಿಸಿತು. ಗಾಂಭೀರ್ಯವನ್ನು ಕಾಪಾಡುವುದು ಅದರ ಉದ್ದೇಶವಾಗಿತ್ತು. ಹೀಗಾಗಿ ತಾಯಿನುಡಿಯ ಹಾಡುಗಳಿಗೆ ನವೇನ, ಮೆರವಣಿಗೆ, ಶಿಲುಬೆಯ ಬಳಿಯ ಪ್ರಾರ್ಥನೆ, ಮನೆಯ ಜಪಸರ ಇವೇ ಆಸರೆಯಾದವು.

ಅದೇ ಕಾಲದಲ್ಲಿ ಇನ್ನೊಂದು ವಾದ್ಯ ಸದ್ದಿಲ್ಲದೆ ಊರೂರು ಸುತ್ತಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ರೂಪುಗೊಂಡ ಹಾರ್ಮೋನಿಯಂ ಕಲ್ಕತ್ತೆಯಲ್ಲಿ ಕೈತಿದಿಯ ಪೆಟ್ಟಿಗೆಯಾಗಿ ಮಾರ್ಪಟ್ಟು, ಇಗರ್ಜಿಯ ಗಾಯಕರಿಗೂ ಭಜನೆಯ ಮಂಡಳಿಗೂ ನಾಟಕದ ಕಂಪೆನಿಗೂ ಯಕ್ಷಗಾನದ ಭಾಗವತರಿಗೂ ಶ್ರುತಿಯಿತ್ತಿತು. ನಮ್ಮ ಗಮಕಗಳನ್ನು ಅದು ನುಡಿಸಲಾರದೆಂಬ ಕಾರಣದಿಂದ 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. 1971ರವರೆಗೆ ಆ ನಿರ್ಬಂಧ ಸಡಿಲಲಿಲ್ಲ. ಅಷ್ಟರಲ್ಲಿ ಹಳ್ಳಿಯ ಜನ ಅದನ್ನು ತಮ್ಮದಾಗಿಸಿಕೊಂಡಾಗಿತ್ತು.

1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆರಾಧನಾವಿಧಿಯ ಸಂವಿಧಾನವನ್ನು ಪ್ರಕಟಿಸಿದಾಗ ಬಾಗಿಲು ತೆರೆಯಿತು. ಲ್ಯಾಟಿನ್ ಗಾನದ ಹಿರಿಮೆಯನ್ನು ಅಲ್ಲಗಳೆಯದೆ, ಆಯಾ ಜನಾಂಗದ ಸಂಗೀತ ಪರಂಪರೆಗೆ ಯೋಗ್ಯ ಮನ್ನಣೆ ದೊರೆಯಬೇಕೆಂದು ಅದು ಹೇಳಿತು. ಅಂಗಳದಲ್ಲಿ ಕಾದಿದ್ದ ತಾಯಿನುಡಿ ಬಲಿಪೀಠದ ಸಮೀಪಕ್ಕೆ ಬಂದಿತು. 1976ರಲ್ಲಿ ಬೆಳಗಾವಿಯಿಂದ ಬೇರ್ಪಟ್ಟು ಕಾರವಾರ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಅದೇ ವರ್ಷ ಆಕಾಶವಾಣಿಯ ಮಂಗಳೂರು ಕೇಂದ್ರವೂ ಆರಂಭವಾಯಿತು.

ಗುಮಟೆಯ ಕಥೆ ಇನ್ನೂ ಸ್ವಾರಸ್ಯಕರ. ಎರಡೂ ತುದಿಗೆ ಬಾಯುಳ್ಳ ಈ ಮಣ್ಣಿನ ಮಡಕೆ ಗೋವೆಯಲ್ಲಿ ಕ್ರೈಸ್ತರ ಮಾಂಡೊ ಹಾಡಿಗೂ ಹಿಂದೂಗಳ ಆರತಿಗೂ ತಾಳ ಹಾಕುತ್ತದೆ. ನಮ್ಮ ಜಿಲ್ಲೆಯಲ್ಲಿ ಹಾಲಕ್ಕಿ ಒಕ್ಕಲಿಗರ ಗುಮಟೆ ಪಾಂಗಿನಲ್ಲಿ ಮೊಳಗುತ್ತದೆ. ಇದಕ್ಕೆ ಬಿಗಿಯುತ್ತಿದ್ದ ಉಡದ ಚರ್ಮಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ತಡೆಯುಂಟಾದಾಗ ಆಡಿನ ಚರ್ಮ ಬಂದಿತು. ಚರ್ಮ ಬದಲಾದರೂ ವಾದ್ಯ ಉಳಿಯಿತು. 2019ರಲ್ಲಿ ಗೋವೆಯ ಸರಕಾರ ಅದನ್ನು ರಾಜ್ಯದ ಪರಂಪರೆಯ ವಾದ್ಯವೆಂದು ಘೋಷಿಸಿತು. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಪದಗಳನ್ನು ನೆನಪಿನಲ್ಲಿಯೇ ಹೊತ್ತು 2017ರಲ್ಲಿ ಪದ್ಮಶ್ರೀ ಪಡೆದರು. 2025ರಲ್ಲಿ ಅವರು ಗತಿಸಿದಾಗ ಎಷ್ಟು ಪದಗಳು ಅವರೊಂದಿಗೇ ಹೋದವೋ ದೇವರೇ ಬಲ್ಲ.

ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ನಿಷೇಧಗಳಿಗೆ ಹಾಡನ್ನು ಅಳಿಸುವ ಶಕ್ತಿಯಿರಲಿಲ್ಲ. ಮರೆವಿಗೆ ಆ ಶಕ್ತಿಯಿದೆ. ಹಿರಿಯರ ಹಾಡಿನ ಪುಸ್ತಕಗಳಲ್ಲಿ ಸಾಹಿತ್ಯವಿರುತ್ತದೆ, ಧಾಟಿಯಿರುವುದಿಲ್ಲ. ಧಾಟಿ ಬಲ್ಲ ಕಂಠವೊಂದು ಮೌನವಾದರೆ ಪುಟದ ಮೇಲಿನ ಅಕ್ಷರ ಮೂಕವಾಗುತ್ತದೆ. ಇಂದಿನ ತರುಣರ ಕೈಯಲ್ಲಿ ಲೋಕದ ಎಲ್ಲ ಸಂಗೀತವನ್ನೂ ತರುವ ಮೊಬೈಲ್ ಇದೆ. ಹೊಸ ಹಾಡುಗಳನ್ನು ಅವರು ಧಾರಾಳವಾಗಿ ತರಲಿ, ನಮಗೂ ಕಲಿಸಲಿ. ಇಂದು ಹಳತೆನಿಸುವ ಪಿಟೀಲೂ ಹಾರ್ಮೋನಿಯಮ್ಮೂ ಒಂದು ಕಾಲಕ್ಕೆ ಹೊಸತೇ ಆಗಿದ್ದವು. ಅದೇ ಮೊಬೈಲಿನಿಂದ ಮನೆಯ ಅಜ್ಜಿಯ ವೋವಿಯೊವನ್ನೂ ತಪಸ್ಸುಕಾಲದ ಹಳೆಯ ಕಂತಾರಗಳನ್ನೂ ಧ್ವನಿಮುದ್ರಿಸಿ, ಯಾರಿಂದ ಕಲಿತದ್ದೆಂದು ಬರೆದಿಡಲಿ. ನೆರೆಮನೆಯವರ ಪದಕ್ಕೂ ಕಿವಿಗೊಡಲಿ.

ಶತಮಾನೋತ್ಸವದ ದೀಪಗಳು ಆರುವ ಮುನ್ನ ಪ್ರತಿ ಮನೆಯೂ ಒಂದು ಹಳೆಯ ಹಾಡನ್ನು ಹೀಗೆ ಉಳಿಸಿಕೊಟ್ಟರೆ, ಮುಂದಿನ ನೂರು ವರ್ಷಗಳಿಗೆ ನಾವು ಕೊಡಬಹುದಾದ ಕಾಣಿಕೆ ಅದಕ್ಕಿಂತ ಬೇರೊಂದಿಲ್ಲವೆಂದು ನಂಬಿದ್ದೇವೆ.