ಮೆಟ್ನರನೂ ಮೈಸೂರಿನ ಮಹಾರಾಜರೂ

ಸಂಗೀತಕ್ಕೆ ದೇಶಕಾಲಗಳ ಎಲ್ಲೆಯಿಲ್ಲವೆಂದು ನಾವೆಲ್ಲರೂ ಹೇಳುತ್ತೇವೆ. ಹೇಳುವುದು ಸುಲಭ. ಆದರೆ ಒಂದು ದೇಶದ ನಾದವು ಮತ್ತೊಂದು ದೇಶದ ಕಿವಿಗೆ ತಾನಾಗಿಯೇ ಬಂದು ಬೀಳುವುದಿಲ್ಲ. ಯಾರಾದರೊಬ್ಬರು ಅದನ್ನು ಅರಸಬೇಕು, ಅರಸಿ ಆದರಿಸಬೇಕು, ಆದರಿಸಿದುದನ್ನು ಇತರರಿಗೂ ಹಂಚುವುದಕ್ಕಾಗಿ ಧನವನ್ನೂ ಶ್ರಮವನ್ನೂ ವ್ಯಯಮಾಡಬೇಕು. ಈ ಮಾತಿಗೆ ನಿದರ್ಶನವಾದ ವೃತ್ತಾಂತವೊಂದು ನಮ್ಮ ಮೈಸೂರಿಗೇ ಸೇರಿದುದಾಗಿದೆ. ಅದನ್ನು ಈ ದಿನ ಶ್ರೋತೃಗಳ ಮುಂದಿಡುತ್ತೇವೆ.

ನಿಕೊಲಾಯ್ ಮೆಟ್ನರನು ರಷ್ಯ ದೇಶದವನು. 1880ರಲ್ಲಿ ಮಾಸ್ಕೋ ನಗರದಲ್ಲಿ ಜನಿಸಿದವನು. ಅಲ್ಲಿಯ ಸಂಗೀತಶಾಲೆಯಲ್ಲಿ 1900ರಲ್ಲಿ ವ್ಯಾಸಂಗವನ್ನು ಮುಗಿಸಿ, ಪಿಯಾನೋ ವಾದನದಲ್ಲಿಯೂ ರಚನೆಯಲ್ಲಿಯೂ ಹೆಸರನ್ನು ಪಡೆದನು. ಜಗತ್ಪ್ರಸಿದ್ಧನಾದ ರಖ್ಮಾನಿನೋವನು ಇವನ ಆಪ್ತಮಿತ್ರ. ಇಬ್ಬರೂ ತಮ್ಮ ತಮ್ಮ ದೊಡ್ಡ ಕೃತಿಗಳನ್ನು ಪರಸ್ಪರ ಅಂಕಿತಮಾಡಿಕೊಂಡಿದ್ದರು. ಕ್ರಾಂತಿಯ ತರುವಾಯ, 1921ರಲ್ಲಿ, ಮೆಟ್ನರನು ಸ್ವದೇಶವನ್ನು ಬಿಟ್ಟು ಜರ್ಮನಿ ಫ್ರಾನ್ಸುಗಳಲ್ಲಿ ಕೆಲವು ಕಾಲವಿದ್ದು, ಕಡೆಗೆ ಲಂಡನ್ನಿನಲ್ಲಿ ನೆಲೆಸಿದನು. ಆ ವೇಳೆಗೆ ಯೂರೋಪಿನ ಸಂಗೀತದ ರುಚಿಯೇ ಬದಲಾಗಿದ್ದಿತು. ಸಂಗೀತಕ್ಕೆ ಶಾಶ್ವತವಾದ ಧರ್ಮಗಳುಂಟೆಂದು ನಂಬಿ, ಅದನ್ನೇ ಪ್ರತಿಪಾದಿಸುವ ಗ್ರಂಥವೊಂದನ್ನು 1935ರಲ್ಲಿ ಪ್ರಕಟಿಸಿದ ಈತನು ನವೀನರ ಕಣ್ಣಿಗೆ ಹಳಬನಾಗಿ ಕಂಡನು. ಎರಡನೆಯ ಮಹಾಯುದ್ಧವು ಬಂದೊಡನೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಆದಾಯವೂ ನಿಂತಿತು, ಹೃದ್ರೋಗವೂ ಬಾಧಿಸಿತು. ಎಡ್ನಾ ಐಲ್ಸ್ ಎಂಬ ಇಂಗ್ಲಿಷ್ ಪಿಯಾನೋ ವಾದಕಿಯ ಕುಟುಂಬದವರು ಆಶ್ರಯವಿತ್ತು ಕಾಪಾಡಿದರು. ಹೀಗೆ ಅರವತ್ತು ದಾಟಿದ ವಯಸ್ಸಿನಲ್ಲಿ, ತನ್ನ ಕೃತಿಗಳು ತನ್ನೊಡನೆಯೇ ಮಣ್ಣುಪಾಲಾಗುವುವೆಂದು ಭಾವಿಸಲು ಆತನಿಗೆ ಕಾರಣವಿದ್ದಿತು.

ಇಲ್ಲಿ ಗ್ರಾಮಫೋನಿನ ವಿಷಯವಾಗಿ ಒಂದೆರಡು ಮಾತುಗಳನ್ನು ಹೇಳಬೇಕಾಗಿದೆ. ಅಂದಿನ ತಟ್ಟೆಗಳು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದವು. ಹನ್ನೆರಡು ಅಂಗುಲದ ದೊಡ್ಡ ತಟ್ಟೆಯಾದರೂ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷಗಳ ಸಂಗೀತವನ್ನು ಮಾತ್ರ ಹಿಡಿಯುತ್ತಿದ್ದಿತು. ಅರ್ಧ ಗಂಟೆಯ ಕೃತಿಯೊಂದಕ್ಕೆ ಮೂರು ನಾಲ್ಕು ತಟ್ಟೆಗಳು ಬೇಕು; ಕೇಳುವವನು ಆರೇಳು ಸಲ ಎದ್ದು ಮಗ್ಗುಲನ್ನು ತಿರುಗಿಸಬೇಕು. ಇಷ್ಟು ವೆಚ್ಚದ ಸಾಮಗ್ರಿಯನ್ನು ಜನರರಿಯದ ಸಂಗೀತಕ್ಕಾಗಿ ತಯಾರಿಸಲು ವ್ಯಾಪಾರಿಗಳು ಹಿಂಜರಿಯುತ್ತಿದ್ದರು. ಆದಕಾರಣ ಲಂಡನ್ನಿನ ವಾಲ್ಟರ್ ಲೆಗ್ ಎಂಬುವನು 1931ರಲ್ಲಿ ಒಂದು ಉಪಾಯವನ್ನು ಕಂಡುಹಿಡಿದನು. ಹ್ಯೂಗೋ ವೂಲ್ಫನ ಗೀತೆಗಳನ್ನು ಬಯಸುವ 500 ಮಂದಿ ಮುಂಗಡವಾಗಿ ಚಂದಾ ಕೊಟ್ಟರೆ ತಟ್ಟೆಗಳು ಸಿದ್ಧವಾಗುವುವೆಂದು ಸಾರಿದನು. ಜಪಾನಿನಿಂದ ಸಹ ಚಂದಾದಾರರು ದೊರೆತರು. ಒಬ್ಬೊಬ್ಬರಾಗಿ ಚೆದರಿದ್ದ ರಸಿಕರು ಒಂದುಗೂಡಿದರೆ ಮರೆತುಹೋದ ಸಂಗೀತಕ್ಕೂ ದಾರಿಯಾಗುವುದೆಂಬುದು ಇದರಿಂದ ತಿಳಿದುಬಂದಿತು.

ಇತ್ತ ಮೈಸೂರಿನಲ್ಲಿ, 1919ರಲ್ಲಿ ಜನಿಸಿದ ಜಯಚಾಮರಾಜೇಂದ್ರ ಒಡೆಯರವರು ಪಿಯಾನೋ ವಾದಕರಾಗಬೇಕೆಂಬ ಆಸೆಯನ್ನು ಹೊಂದಿದ್ದರು. ಆದರೆ 1940ರ ಒಂದೇ ವರ್ಷದಲ್ಲಿ ತಂದೆಯವರಾದ ಯುವರಾಜರೂ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರವರೂ ದಿವಂಗತರಾದುದರಿಂದ, ಇಪ್ಪತ್ತೊಂದನೆಯ ವಯಸ್ಸಿನಲ್ಲಿಯೇ ಸಿಂಹಾಸನವನ್ನೇರಬೇಕಾಯಿತು. ವಾದಕರಾಗುವ ಆಸೆ ಕೈಗೂಡಲಿಲ್ಲ. ಕೇಳುವ ಆಸೆ ಮಾತ್ರ ಬೆಳೆಯಿತು. ಅವರ ಅರಮನೆಯಲ್ಲಿ ಸುಮಾರು 20,000 ತಟ್ಟೆಗಳ ಭಂಡಾರವಿದ್ದಿತು. ಅದೇ ಅರಸರು ಮೈಸೂರು ವಾಸುದೇವಾಚಾರ್ಯರ ಪ್ರೋತ್ಸಾಹದಿಂದ ಕರ್ಣಾಟಕ ಸಂಗೀತದಲ್ಲಿ 94 ಕೃತಿಗಳನ್ನು ಶ್ರೀವಿದ್ಯಾ ಎಂಬ ಮುದ್ರೆಯಿಂದ ರಚಿಸಿದರು. ಒಂದನ್ನು ಪ್ರೀತಿಸಲು ಮತ್ತೊಂದನ್ನು ತೊರೆಯಬೇಕೆಂಬ ಸಂಕೋಚವು ಅವರಿಗಿರಲಿಲ್ಲ.

ಲಂಡನ್ನು ಅಲಕ್ಷಿಸಿದ ಮೆಟ್ನರನನ್ನು ಮೈಸೂರಿನ ಈ ಶ್ರೋತೃ ಅಲಕ್ಷಿಸಲಿಲ್ಲ. ಅವರ ಧನಸಹಾಯದಿಂದ ಮೆಟ್ನರ್ ಸೊಸೈಟಿಯು ಸ್ಥಾಪಿತವಾಯಿತು. ಪಿಯಾನೋವೂ ವಾದ್ಯವೃಂದವೂ ಸಂವಾದ ನಡೆಸುವ ಕನ್ಚೆರ್ಟೋ ಎಂಬ ಬಗೆಯ ತನ್ನ ಮೂರು ಕೃತಿಗಳನ್ನೂ ಆ ವೃದ್ಧನು 1947ರಲ್ಲಿ ತಾನೇ ನುಡಿಸಿ ಮುದ್ರಿಸಿದನು. ಪಿಯಾನೋ ಕೃತಿಗಳೂ ಹಾಡುಗಳೂ ಮುದ್ರಿತವಾದವು. 1950ರಲ್ಲಿ ಎಲಿಸಬೆತ್ ಶ್ವಾರ್ಟ್ಸ್‌ಕೋಫ್ ಹಾಡಿದಾಗ ಪಿಯಾನೋದ ಮುಂದೆ ಕುಳಿತವನು ರಚನಕಾರನೇ. ಕೃತಜ್ಞತೆಯಿಂದ ಆತನು ಮೂರನೆಯ ಕನ್ಚೆರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅಂಕಿತಮಾಡಿದನು. ಮರುವರ್ಷ, 1951ರ ನವೆಂಬರ್ 13ರಂದು, ಆತನು ಕಾಲವಾದನು. ಸಹಾಯವು ಐದಾರು ವರ್ಷ ತಡವಾಗಿ ಬಂದಿದ್ದರೆ ಕೀರ್ತಿಯು ಬರುತ್ತಿದ್ದಿತೇನೋ, ನುಡಿಸುವ ಕೈಗಳು ಇರುತ್ತಿರಲಿಲ್ಲ.

ಮಹಾರಾಜರ ಔದಾರ್ಯವು ಇಷ್ಟಕ್ಕೇ ನಿಲ್ಲಲಿಲ್ಲ. ಮೇಲೆ ಹೇಳಿದ ಲೆಗ್ ಮೈಸೂರಿಗೆ ಬಂದು ಅರಮನೆಯ ಅತಿಥಿಯಾಗಿದ್ದಾಗ, ಆತನು 1945ರಲ್ಲಿ ಕಟ್ಟಿದ ಫಿಲ್‌ಹಾರ್ಮೋನಿಯ ವಾದ್ಯವೃಂದಕ್ಕೆ ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷ ಕೊಡಲು ಅವರು ಒಪ್ಪಿದರು. ಬಲಾಕಿರೆವ್, ರೂಸೆಲ್ ಮೊದಲಾದವರ ಅಪರೂಪದ ಕೃತಿಗಳು ಕಾರಾಯಾನನ ನಾಯಕತ್ವದಲ್ಲಿ 1949ರಲ್ಲಿ ಮುದ್ರಿತವಾದವು. ರಿಚರ್ಡ್ ಸ್ಟ್ರಾಸನು ಎಂಬತ್ತನಾಲ್ಕರ ವಯಸ್ಸಿನಲ್ಲಿ ರಚಿಸಿದ ನಾಲ್ಕು ಕೊನೆಯ ಗೀತೆಗಳು, ಆತನು ಮಡಿದ ಎಂಟು ತಿಂಗಳ ಮೇಲೆ, 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದವು. ಆ ಕಚೇರಿಗೆ 4,800 ಡಾಲರುಗಳ ಹೊಣೆ ಹೊತ್ತವರೂ ಮೈಸೂರಿನ ಅರಸರೇ. ತಾವು ಹೋಗಲಾಗದೆ, ಅದನ್ನು ಮುದ್ರಿಸಿ ಕಳುಹಿಸುವಂತೆ ಏರ್ಪಾಡು ಮಾಡಿಕೊಂಡಿದ್ದರು. ಸವೆದ ದನಿಯಲ್ಲಿಯಾದರೂ ಆ ಸಂಜೆಯ ಗಾಯನವು ಇಂದಿಗೂ ಉಳಿದಿದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅದರಿಂದ ನಾವು ನುಣುಚಿಕೊಳ್ಳಲಾಗದು. ಅರಸನ ಬೊಕ್ಕಸವು ಕಡೆಗೆ ಪ್ರಜೆಗಳ ದುಡಿಮೆಯಿಂದ ತುಂಬಿದುದು. ಅದರಿಂದ ಲಂಡನ್ನಿನ ಸಭಾಂಗಣವು ಮೊಳಗಿದಾಗ ಮೈಸೂರಿನ ಎಷ್ಟು ಮನೆಗಳಲ್ಲಿ ಅದರ ಪ್ರತಿಧ್ವನಿ ಕೇಳಿಸಿತು? ಬಹಳ ಕಡಮೆ ಎಂದೇ ಒಪ್ಪಿಕೊಳ್ಳಬೇಕು. ಲೋಕಕ್ಕೆ ಹಂಚಿದ ಸಂಪತ್ತು ಊರಿನವರಿಗೆ ಅರಮನೆಯ ಗೋಡೆಯಾಚೆಯದಾಗಿಯೇ ಉಳಿಯಿತು. ಸಂಸ್ಥಾನವು 1947ರಲ್ಲಿ ಭಾರತ ಒಕ್ಕೂಟವನ್ನು ಸೇರಿದ ಮೇಲೆ ಇಂತಹ ರಾಜಪೋಷಣೆಯ ಕಾಲವೂ ಕಳೆಯುತ್ತ ಬಂದಿತು. ಮಹಾರಾಜರು 1974ರಲ್ಲಿ ದಿವಂಗತರಾದರು. ಅವರ ಸೋದರಿ ವಿಜಯಾದೇವಿಯವರು ಬೆಂಗಳೂರಿನಲ್ಲಿ ಸಂಗೀತಕಲೆಗಳ ಸಂಘವೊಂದನ್ನು ಸ್ಥಾಪಿಸಿ, ದೇಶವಿದೇಶಗಳ ಸಂಗೀತವನ್ನು ನಾಗರಿಕರಿಗೆ ಕೇಳಿಸುವ ಕೆಲಸವನ್ನು ಕೈಕೊಂಡರು. ಆ ಕೊರತೆಯನ್ನು ಅಷ್ಟಿಷ್ಟು ತುಂಬಿದ ಪ್ರಯತ್ನವಿದು.

ಆದರೂ ಮೂಲ ಮಾತು ಅಳಿಯುವುದಿಲ್ಲ. ಮೆಟ್ನರನ ತಟ್ಟೆಗಳು ಮುಂದೆ ಹೊಸ ರೂಪಗಳಲ್ಲಿ ಮರುಪ್ರಕಟವಾದವು. ಆತನ ಕೃತಿಗಳನ್ನು ಕಲಿಯುವ ವಾದಕರಿಗೆ ಲಯವು ಎಲ್ಲಿ ನಿಧಾನಿಸಬೇಕು, ದನಿಯು ಎಲ್ಲಿ ತಗ್ಗಬೇಕು ಎಂಬುದನ್ನು ರಚನಕಾರನ ಕೈಗಳೇ ತಿಳಿಸುತ್ತಿವೆ. ಸಮುದ್ರದಾಚೆ ಕುಳಿತ ಒಬ್ಬ ಶ್ರೋತೃ ಶ್ರದ್ಧೆಯಿಂದ ಕೇಳಿದುದರ ಫಲವಿದು. ಬೊಕ್ಕಸವು ನಮಗಿಲ್ಲ, ಕಿವಿಯು ಎಲ್ಲರಿಗೂ ಉಂಟು. ವೂಲ್ಫನ ಗೀತೆಗಳಿಗೆ ಚಂದಾ ಕೊಟ್ಟ ಆ 500 ಮಂದಿಯಲ್ಲಿ ಎಲ್ಲರೂ ಅರಸರಾಗಿರಲಿಲ್ಲ. ಪರದೇಶದ ಒಂದು ರಾಗ, ಕೇಳರಿಯದ ಒಂದು ವಾದ್ಯ ನಮ್ಮನ್ನು ತಡೆದು ನಿಲ್ಲಿಸಿದಾಗ ನೆರೆಮನೆಯವರನ್ನೂ ಕರೆದು ಕೇಳಿಸೋಣ. ಅಷ್ಟನ್ನು ಮಾಡುವುದು ನಮ್ಮ ಶಕ್ತಿಗೆ ಮೀರಿದುದಲ್ಲ.